ಕಲ್ಲಿನ ಮೇಲೊಂದು ತೆಳು ಜೀವ: ಹವಳದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಹವಳದ ದಿಬ್ಬಗಳ ಚಿತ್ರಪುಟ ಬಂದಿತ್ತು. ಅದನ್ನು ನೋಡಿ ಬರೆದವರಲ್ಲಿ ಹೆಚ್ಚಿನವರು ದಿಬ್ಬವನ್ನು ಬಿಟ್ಟು ಅದನ್ನು ಕಟ್ಟುವ ಪಾಲಿಪ್ ಬಗ್ಗೆಯೇ ಕೇಳಿದ್ದಾರೆ. ಒಂದೇ ಅರ್ಥ ಬರುವ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹವಳ ಎಂದರೆ ಕಲ್ಲಿನ ಗೂಡಿನೊಳಗೆ ಕೂತ ಸಣ್ಣ ಪ್ರಾಣಿ ಎಂದು ಓದಿದ್ದೇನೆ. ಬಸವನಹುಳು ಚಿಪ್ಪಿನೊಳಗೆ ಇರುತ್ತದಲ್ಲ, ಇದೂ ಹಾಗೆಯೇ?

ಅಲ್ಲ. ಬಸವನಹುಳು ಚಿಪ್ಪಿನ ಒಳಗಿರುತ್ತದೆ. ಪಾಲಿಪ್ ತನ್ನ ಕಲ್ಲಿನ ಮೇಲೆ ಇರುತ್ತದೆ. ಕಲ್ಲು ಪೂರ್ತಿ ಅದರ ಮೈಯ ಹೊರಗೆ, ತಳದಡಿಯಲ್ಲಿ ಬೆಳೆಯುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಉತ್ತರಗಳು ಸಲೀಸಾಗಿ ಅರ್ಥವಾಗುತ್ತವೆ.

ಪಾಲಿಪ್ ಅಂದರೆ ತಳ ಮುಚ್ಚಿದ, ಮೇಲೆ ಬಾಯಿರುವ ಚೀಲ. ಬಾಯಿಯ ಸುತ್ತ ಕರಬಳ್ಳಿಗಳು. ಕಲ್ಲುಹವಳಗಳಲ್ಲಿ ಇವು ಆರು, ಹನ್ನೆರಡು, ಇಪ್ಪತ್ತನಾಲ್ಕು ಹೀಗೆ ಆರರ ಲೆಕ್ಕದಲ್ಲಿ ಬರುತ್ತವೆ. ಚೀಲದ ಗೋಡೆಯಲ್ಲಿ ಜೀವಕೋಶಗಳ ಪದರ ಎರಡೇ, ಹೊರಗೊಂದು ಒಳಗೊಂದು. ನಡುವೆ ಮೀಸೋಗ್ಲಿಯ ಎಂಬ ಲೋಳೆಯಂಥ ಪದರ. ಹೃದಯವಿಲ್ಲ, ರಕ್ತವಿಲ್ಲ, ಕಿವಿರಿಲ್ಲ. ಮೆದುಳೂ ಇಲ್ಲ, ಮೈತುಂಬ ಹರಡಿದ ನರಜಾಲವಷ್ಟೇ ಇದೆ. ಆಮ್ಲಜನಕ ಮೈಯ ಮೂಲಕವೇ ಒಳಗೆ ಸೇರುತ್ತದೆ. ಹೊಟ್ಟೆಯ ಗೋಡೆಯಿಂದ ನಡುವಿನತ್ತ ಚಾಚಿದ ತೆಳು ಪರದೆಗಳಿವೆ, ಇವೇ ಮೀಸೆಂಟರಿಗಳು. ಅವುಗಳ ಅಂಚಿನಲ್ಲಿ ಸುರುಳಿಸುತ್ತಿದ ದಾರದಂಥ ಎಳೆಗಳು ಜೀರ್ಣರಸ ಸುರಿಸುತ್ತವೆ. ಅಂಡ, ವೀರ್ಯಾಣು ಬೆಳೆಯುವುದೂ ಈ ಪರದೆಗಳಲ್ಲೇ.

ಸತ್ತು ಒಣಗಿದ ಹವಳದ ತುಂಡು ಯಾವುದಾದರೂ ಪ್ರಯೋಗಾಲಯದಲ್ಲಿ ಸಿಕ್ಕರೆ ಹತ್ತು ಪಟ್ಟಿನ ಮಸೂರದಲ್ಲಿ ನೋಡಿ. ಒಂದೊಂದು ಗುಳಿಯೂ ಒಂದೊಂದು ಪಾಲಿಪ್ ಕೂತಿದ್ದ ಜಾಗ. ಗುಳಿಯ ಅಂಚಿನಿಂದ ನಡುವಿನತ್ತ ಕಲ್ಲಿನ ಹಾಳೆಗಳು ಚಾಚಿರುತ್ತವೆ. ಮೊದಲು ಆರು ದೊಡ್ಡವು, ಅವುಗಳ ಸಂದಿನಲ್ಲಿ ಆರು ಚಿಕ್ಕವು, ಮತ್ತೆ ಅವುಗಳ ಸಂದಿನಲ್ಲಿ ಹನ್ನೆರಡು ಇನ್ನೂ ಚಿಕ್ಕವು. ಸೆಪ್ಟ ಎನ್ನುವುದು ಇವನ್ನೇ. ಜೀವ ಇದ್ದಾಗ ಮಾಂಸದ ಪರದೆ ಮತ್ತು ಕಲ್ಲಿನ ಹಾಳೆ ಒಂದರ ಸಂದಿಗೆ ಇನ್ನೊಂದು ಹೊಂದಿಕೊಂಡಿರುತ್ತವೆ. ಮುಟ್ಟಿದಾಗ ಪಾಲಿಪ್ ಈ ಸಂದುಗಳಿಗೆ ಕುಗ್ಗಿ ಇಳಿಯುತ್ತದೆ. ಗೂಡಿನೊಳಗೆ ಓಡಿಹೋದಂತೆ ಕಾಣುವುದು ಅದಕ್ಕೇ.

ಗಾತ್ರದ ಮಾತು: ದಿಬ್ಬ ಕಟ್ಟುವ ಬಹುಪಾಲು ಹವಳಗಳಲ್ಲಿ ಒಂದು ಪಾಲಿಪ್ ಒಂದರಿಂದ ಮೂರು ಮಿ.ಮೀ. ಅಗಲ. ಫಂಜಿಯ ಎಂಬ ಅಣಬೆ ಹವಳದಲ್ಲಿ ಮಾತ್ರ ಒಂಟಿ ಪಾಲಿಪ್ಪೇ 20 ಸೆಂ.ಮೀ. ದಾಟಬಹುದು. ಗುಂಪಾಗಿ ಬೆಳೆಯುವ ಹವಳಗಳಲ್ಲಿ ಅಕ್ಕಪಕ್ಕದ ಪಾಲಿಪ್‌ಗಳನ್ನು ಸೀನೋಸಾರ್ಕ್ ಎಂಬ ತೆಳು ಮಾಂಸದ ಹೊದಿಕೆ ಜೋಡಿಸುತ್ತದೆ. ಅದರ ಮೂಲಕ ಒಂದು ತಿಂದದ್ದು ಪಕ್ಕದ್ದಕ್ಕೂ ತಲುಪುತ್ತದೆ.

ಪ್ರಶ್ನೆ: ಕಣ್ಣಿಲ್ಲ, ನಿಂತಲ್ಲಿಂದ ಕದಲುವಂತಿಲ್ಲ. ಬೇಟೆ ಹಿಡಿಯುವುದು ಹೇಗೆ? ತಿಂದದ್ದರ ಕಸ ಎಲ್ಲಿಂದ ಹೊರಗೆ ಹೋಗುತ್ತದೆ?

ಕಸ ಬಾಯಿಯಿಂದಲೇ. ಬೇರೆ ದಾರಿಯಿಲ್ಲ.

ಬೇಟೆಯ ಆಯುಧ ಕುಟುಕುಕಣ. ಕರಬಳ್ಳಿಯ ಮೇಲಿನ ಸಣ್ಣ ಸಣ್ಣ ಗುಬುಟುಗಳಲ್ಲಿ ಇವು ಒತ್ತೊತ್ತಾಗಿ ಇರುತ್ತವೆ. ಪ್ರತಿ ಕಣದೊಳಗೆ ಗಟ್ಟಿ ಗೋಡೆಯ ಒಂದು ಕೋಶಿಕೆ. ಅದರೊಳಗೆ ಸುರುಳಿಯಾಗಿ ಸುತ್ತಿದ ಟೊಳ್ಳು ದಾರ, ಅಂಗಿಯ ತೋಳನ್ನು ಒಳಕ್ಕೆ ಮಗುಚಿಟ್ಟ ಹಾಗೆ. ಸೀಗಡಿ ಜಾತಿಯ ಸಣ್ಣ ಜೀವಿಯೊಂದು ತಾಗಿದಾಗ, ಅದರ ಮೈಯ ರಾಸಾಯನಿಕವೂ ಗುರುತಿಗೆ ಸಿಕ್ಕರೆ, ಕೋಶಿಕೆಯ ಮುಚ್ಚಳ ತೆರೆಯುತ್ತದೆ. ಒಳಗಿನ ಒತ್ತಡಕ್ಕೆ ದಾರ ಮಗುಚಿಕೊಳ್ಳುತ್ತ ಹೊರಚಿಮ್ಮಿ ಬೇಟೆಯ ಮೈಗೆ ಚುಚ್ಚಿ ವಿಷ ಸುರಿಸುತ್ತದೆ. ಹವಳದ ಸಂಬಂಧಿಯಾದ ಹೈಡ್ರಾದಲ್ಲಿ ಅಳೆದಾಗ ಕೋಶಿಕೆಯ ಒತ್ತಡ ಸುಮಾರು 150 ವಾಯುಭಾರದಷ್ಟಿತ್ತು. ದಾರ ಹೊರಬೀಳುವ ಮೊದಲ ಹಂತ ಒಂದು ಮೈಕ್ರೋಸೆಕೆಂಡಿನೊಳಗೆ ಮುಗಿದಿತ್ತು. ಒಮ್ಮೆ ಹಾರಿದ ಕೋಶಿಕೆ ಮತ್ತೆ ಬಾರದು, ಹೊಸದು ಬೆಳೆಯಬೇಕು. ಆದ್ದರಿಂದಲೇ ಬರೀ ಸ್ಪರ್ಶಕ್ಕೆ ಎಲ್ಲವೂ ಸಿಡಿಯುವುದಿಲ್ಲ.

ಬಹಳಷ್ಟು ಹವಳಗಳು ಕರಬಳ್ಳಿ ಚಾಚುವುದು ಕತ್ತಲಾದ ಮೇಲೆ. ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ರಾಣಿಪ್ಲವಕಗಳು ಮೇಲೇರುವುದೂ ಆಗಲೇ. ಹಗಲಿನಲ್ಲಿ ಚಾಚಿದರೆ ಮೀನು ಕಚ್ಚೀತು ಎಂಬ ಅಪಾಯವೂ ಉಂಟು. ಕರಬಳ್ಳಿ ಚಿಕ್ಕದಿರುವ ಜಾತಿಗಳು ಲೋಳೆಯ ಬಲೆ ಹರಡಿ, ಅದಕ್ಕೆ ಅಂಟಿದ್ದನ್ನು ಸೂಕ್ಷ್ಮ ರೋಮಗಳಿಂದ ಬಾಯಿಗೆ ಸಾಗಿಸುತ್ತವೆ. ತುತ್ತು ದೊಡ್ಡದಾದರೆ ಹೊಟ್ಟೆಯ ಎಳೆಗಳನ್ನೇ ಬಾಯಿಂದ ಹೊರಹಾಕಿ ಅಲ್ಲೇ ಜೀರ್ಣಿಸುವುದೂ ಇದೆ.

ಪ್ರಶ್ನೆ: ಮೈಯೊಳಗಿನ ಪಾಚಿಯೇ ಊಟ ಕೊಡುತ್ತದಂತೆ. ಮತ್ತೆ ಬೇಟೆಯ ಗೋಜೇಕೆ?

ಪಾಚಿ ಕೊಡುವುದು ಮುಖ್ಯವಾಗಿ ಇಂಧನ. ಮೈ ಕಟ್ಟಲು ಬೇಕಾದ ಸಾರಜನಕ, ರಂಜಕ ಅದರಿಂದ ಸಾಕಾಗುವಷ್ಟು ಸಿಗುವುದಿಲ್ಲ.

ಪಾಲಿಪ್‌ನ ಒಳಪದರದ ಜೀವಕೋಶಗಳ ಒಳಗೇ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿಗಳಿರುತ್ತವೆ. ಒಂದು ಚದರ ಸೆಂ.ಮೀ. ಮಾಂಸದಲ್ಲಿ ಅವುಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸು. ಹವಳದ ಕಂದು ಬಣ್ಣ ಅವುಗಳದ್ದೇ. ಪಾಚಿ ಬಿಸಿಲಿನಲ್ಲಿ ಗ್ಲೂಕೋಸ್, ಗ್ಲಿಸರಾಲ್, ಕೊಬ್ಬು, ಒಂದಿಷ್ಟು ಅಮೈನೋ ಆಮ್ಲ ತಯಾರಿಸಿ ಹೆಚ್ಚಿನ ಪಾಲನ್ನು ಪಾಲಿಪ್‌ಗೆ ಬಿಟ್ಟುಕೊಡುತ್ತದೆ. ಒಳ್ಳೆಯ ಬೆಳಕಿರುವ ಕಡೆ ಪಾಲಿಪ್‌ನ ದಿನದ ಶಕ್ತಿಯಲ್ಲಿ ಶೇ. 90ರವರೆಗೂ ಈ ಬಾಬತ್ತಿನಿಂದಲೇ ಬರಬಹುದು. ಬದಲಿಗೆ ಪಾಲಿಪ್ ಕೊಡುವುದು ಇಂಗಾಲದ ಡೈಆಕ್ಸೈಡ್, ಅಮೋನಿಯಂ ಮತ್ತು ಇರಲು ಜಾಗ. ಹವಳದ ದಿಬ್ಬಗಳ ಸುತ್ತಲಿನ ತಿಳಿನೀರಿನಲ್ಲಿ ಪೋಷಕಾಂಶ ತೀರ ಕಡಿಮೆ. ನೀರು ತಿಳಿಯಾಗಿ ಕಾಣುವುದೇ ಆ ಕಾರಣಕ್ಕೆ. ಅಲ್ಲಿ ರಾತ್ರಿಯ ಬೇಟೆಯಲ್ಲಿ ಸಿಕ್ಕ ಸಾರಜನಕ ಪಾಲಿಪ್‌ಗೂ ಪಾಚಿಗೂ ಸುತ್ತಿ ಸುತ್ತಿ ಬಳಕೆಯಾಗುತ್ತದೆ.

ಎಲ್ಲ ಹವಳಕ್ಕೂ ಪಾಚಿ ಇದೆ ಎಂದುಕೊಳ್ಳಬೇಡಿ. ಕಲ್ಲುಹವಳದ ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಪಾಚಿಯಿಲ್ಲದೆ, ಬರೀ ಬೇಟೆಯಿಂದ ಬದುಕುತ್ತವೆ. ನಾರ್ವೆಯ ಬಳಿ 300–400 ಮೀಟರ್ ಆಳದ ಕತ್ತಲಲ್ಲಿ 2002ರಲ್ಲಿ ಪತ್ತೆಯಾದ ರೋಸ್ಟ್ ದಿಬ್ಬ ಸುಮಾರು 35 ಕಿ.ಮೀ. ಉದ್ದವಿದೆ. ಅದನ್ನು ಕಟ್ಟಿದ್ದು ಇಂಥದೇ ತಣ್ಣೀರಿನ ಹವಳ.

ಪ್ರಶ್ನೆ: ಇಷ್ಟು ಮೆತ್ತಗಿನ ಪ್ರಾಣಿ ಕಲ್ಲು ತಯಾರಿಸುವುದು ಹೇಗೆ?

ಪಾಲಿಪ್‌ನ ತಳಪದರಕ್ಕೂ ಅದರಡಿಯ ಕಲ್ಲಿಗೂ ನಡುವೆ ಬಹಳ ತೆಳುವಾದ ದ್ರವದ ಪದರವಿದೆ, ದಪ್ಪ ಹೆಚ್ಚೆಂದರೆ ಕೆಲವು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ). ಕೆಲಸವೆಲ್ಲ ನಡೆಯುವುದು ಅಲ್ಲಿ. ತಳಪದರದ ಜೀವಕೋಶಗಳಲ್ಲಿನ ಪಂಪು ಒಂದು ಕ್ಯಾಲ್ಸಿಯಂ ಅಯಾನನ್ನು ಆ ದ್ರವಕ್ಕೆ ತಳ್ಳಿ ಎರಡು ಹೈಡ್ರೋಜನ್ ಅಯಾನುಗಳನ್ನು ಹೊರಗೆಳೆಯುತ್ತದೆ. ಆಮ್ಲೀಯ ಅಯಾನು ಹೊರಹೋದಷ್ಟೂ ದ್ರವದ ಪಿಎಚ್ ಏರುತ್ತದೆ. ಹೊರಗಿನ ಕಡಲನೀರು 8.1ರ ಸುತ್ತ ಇದ್ದರೆ ಇಲ್ಲಿ 8.4ನ್ನೂ ದಾಟುತ್ತದೆ. ಏರಿದ ಪಿಎಚ್‌ನಲ್ಲಿ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಮಾರ್ಪಟ್ಟು, ಕ್ಯಾಲ್ಸಿಯಂ ಜೊತೆ ಸೇರಿ ಅರಗೊನೈಟ್ ಎಂಬ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಾಗಿ ಕೂರುತ್ತದೆ. ಹರಳು ಎಲ್ಲಿ, ಯಾವ ದಿಕ್ಕಿಗೆ ಬೆಳೆಯಬೇಕೆಂಬುದಕ್ಕೆ ಪಾಲಿಪ್ ಸ್ರವಿಸುವ ಪ್ರೋಟೀನುಗಳ ನಿಯಂತ್ರಣವಿದೆ. ಸುಮ್ಮನೆ ಸುಣ್ಣ ಗಡ್ಡೆಕಟ್ಟುವ ಕೆಲಸ ಇದಲ್ಲ.

ಪಂಪಿಗೆ ಶಕ್ತಿ ಬೇಕು, ಆಮ್ಲಜನಕವೂ ಬೇಕು. ಎರಡೂ ಪಾಚಿಯಿಂದ ಧಾರಾಳವಾಗಿ ಸಿಗುವುದು ಹಗಲಿನಲ್ಲಿ. ಆದ್ದರಿಂದ ಕಲ್ಲು ಕೂರುವ ವೇಗ ಬೆಳಕಿನಲ್ಲಿ ಕತ್ತಲಿಗಿಂತ ಸುಮಾರು ಮೂರು ಪಟ್ಟು. ಕಡಲು ಆಮ್ಲೀಯವಾದರೆ ಹವಳಕ್ಕೆ ಏನು ಎಂದು ಇಬ್ಬರು ಕೇಳಿದ್ದಾರೆ: ಹೊರಗೆ ಹೈಡ್ರೋಜನ್ ಅಯಾನು ಹೆಚ್ಚಿದಷ್ಟೂ ಪಂಪಿಗೆ ಖರ್ಚು ಹೆಚ್ಚು, ಅದೇ ಶಕ್ತಿಗೆ ಕಟ್ಟುವ ಕಲ್ಲು ಕಡಿಮೆ. ಜೊತೆಗೆ ಮಾಂಸ ಹೊದೆಯದ ಬರಿಗಲ್ಲು ಬೇಗ ಸವೆಯುತ್ತದೆ.

ಕಲ್ಲು ಏರಿದಂತೆ ಪಾಲಿಪ್ ಆಗಾಗ ತಳವನ್ನು ಮೇಲಕ್ಕೆತ್ತಿ ಅಡಿಗೆ ಹೊಸ ನೆಲ ಹಾಕಿಕೊಳ್ಳುತ್ತದೆ. ಹೀಗಾಗಿ ಕೆಲವು ಮೀಟರ್ ಎತ್ತರದ ಹವಳದಲ್ಲೂ ಜೀವ ಇರುವುದು ಮೇಲ್ಮೈಯ ಕೆಲವೇ ಮಿಲಿಮೀಟರಿನಲ್ಲಿ. ಗುಂಡಾಗಿ ಬೆಳೆಯುವ ಪೊರೈಟಿಸ್ ವರ್ಷಕ್ಕೆ ಒಂದು ಸೆಂ.ಮೀ. ಏರಿದರೆ, ಕವಲೊಡೆಯುವ ಆಕ್ರೊಪೊರ ಕೊಂಬೆ 10 ಸೆಂ.ಮೀ. ಮೀರುವುದುಂಟು.

ಪ್ರಶ್ನೆ: ಹವಳದ ವಯಸ್ಸು ತಿಳಿಯುವುದು ಹೇಗೆ?

ಕಲ್ಲನ್ನು ಕೆಲವು ಮಿ.ಮೀ. ದಪ್ಪದ ಬಿಲ್ಲೆಯಾಗಿ ಸೀಳಿ ಎಕ್ಸ್-ರೇ ತೆಗೆದರೆ ದಟ್ಟ ಮತ್ತು ತೆಳು ಪಟ್ಟೆಗಳು ಕಾಣುತ್ತವೆ. ಒಂದು ಜೋಡಿ ಒಂದು ವರ್ಷ. 1972ರಲ್ಲಿ ಇದನ್ನು ಖಚಿತಪಡಿಸಿದ್ದು ಪೆಸಿಫಿಕ್‌ನ ಎನೆವೆಟಾಕ್ ದ್ವೀಪವಲಯದ ಹವಳಗಳಲ್ಲಿ. ಅಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳ ವಿಕಿರಣದ ಗುರುತು ಕಲ್ಲಿನೊಳಗೇ ಉಳಿದಿತ್ತು, ಪರೀಕ್ಷೆಯ ದಿನಾಂಕವಂತೂ ಗೊತ್ತೇ ಇತ್ತು. ಪಟ್ಟೆಯೊಳಗಿನ ಸ್ಟ್ರಾಂಷಿಯಂ–ಕ್ಯಾಲ್ಸಿಯಂ ಪ್ರಮಾಣದಿಂದ ಆ ಕಾಲದ ನೀರಿನ ಉಷ್ಣತೆಯನ್ನೂ ಲೆಕ್ಕಹಾಕುತ್ತಾರೆ. ಇನ್ನೂ ಸೋಜಿಗದ್ದೆಂದರೆ ಸುಮಾರು 40 ಕೋಟಿ ವರ್ಷ ಹಿಂದಿನ ಡೆವೋನಿಯನ್ ಯುಗದ ಹವಳ ಪಳೆಯುಳಿಕೆಗಳಲ್ಲಿ ದಿನಗೆರೆಗಳನ್ನು ಎಣಿಸಿದ ಜಾನ್ ವೆಲ್ಸ್ 1963ರಲ್ಲಿ ತೋರಿಸಿದ್ದು: ಆಗ ವರ್ಷಕ್ಕೆ ಸುಮಾರು 400 ದಿನಗಳಿದ್ದವು. ಭೂಮಿ ಇನ್ನೂ ಬೇಗ ತಿರುಗುತ್ತಿದ್ದ ಕಾಲ ಅದು.

ಪ್ರಶ್ನೆ: ಹವಳ ಬಿಳಿಚಿಕೊಂಡರೆ ಸತ್ತಂತೆಯೇ? ಒಂದು ಡಿಗ್ರಿ ಬಿಸಿಗೆ ಇಷ್ಟೇಕೆ ಗಾಬರಿ?

ಬಿಳಿಚಿದ್ದು ಸತ್ತಿಲ್ಲ, ಉಪವಾಸ ಬಿದ್ದಿದೆ. ಪಾಚಿ ಹೋದ ಮಾಂಸ ಹೆಚ್ಚುಕಡಿಮೆ ಪಾರದರ್ಶಕ. ಅದರ ಮೂಲಕ ಕೆಳಗಿನ ಬಿಳಿ ಕಲ್ಲು ಕಾಣುತ್ತದೆ, ಅಷ್ಟೇ.

ನೀರು ಬಿಸಿಯಾಗಿ ಬಿಸಿಲೂ ಜೋರಾಗಿದ್ದಾಗ ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರಾಂಗ ಕೆಡುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಆ ಶಕ್ತಿ ಆಮ್ಲಜನಕದ ಮೇಲೆ ತಿರುಗಿ, ಜೀವಕೋಶವನ್ನು ಸುಡುವ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಪಾಲಿಪ್‌ಗೆ ಅತ್ತ ದರಿ ಇತ್ತ ಪುಲಿ: ಪಾಚಿಯನ್ನು ಇಟ್ಟುಕೊಂಡರೆ ವಿಷ, ಹೊರಹಾಕಿದರೆ ಹಸಿವು. ಅದು ಹೊರಹಾಕುತ್ತದೆ. ವಿಪರೀತ ಚಳಿ, ಮಳೆನೀರು ಸೇರಿ ಉಪ್ಪು ತಗ್ಗುವುದು, ದೀರ್ಘ ಕತ್ತಲೆ ಇವೂ ಬಿಳಿಚಿಸುತ್ತವೆ, ಆದರೆ ವಿಶಾಲ ಪ್ರದೇಶಗಳಲ್ಲಿ ಒಮ್ಮೆಲೇ ಆಗುವುದು ಬಿಸಿಯಿಂದ.

ಒಂದು ಡಿಗ್ರಿಯ ಲೆಕ್ಕ ಹೀಗೆ. ಆಯಾ ಜಾಗದ ಅತಿ ಬಿಸಿ ತಿಂಗಳ ಸರಾಸರಿ ಉಷ್ಣತೆಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಒಂದು ಡಿಗ್ರಿ ಅಥವಾ ಹೆಚ್ಚು ಮೇಲಿರುವ ವಾರಗಳನ್ನು, ಡಿಗ್ರಿಯಿಂದ ಗುಣಿಸಿ, ಹನ್ನೆರಡು ವಾರಗಳ ಅವಧಿಯಲ್ಲಿ ಕೂಡುತ್ತಾರೆ. ಆಧಾರ 29 ಡಿಗ್ರಿ ಎಂದುಕೊಳ್ಳಿ. ನೀರು ನಾಲ್ಕು ವಾರ 30 ಡಿಗ್ರಿಯಲ್ಲಿದ್ದರೆ ಮೊತ್ತ 4, ಬಿಳಿಚುವಿಕೆ ಶುರುವಾಗುವ ಮಟ್ಟ. ಅದೇ ನಾಲ್ಕು ವಾರ 31ರಲ್ಲಿದ್ದರೆ ಮೊತ್ತ 8, ಸಾವು ನಿರೀಕ್ಷಿಸುವ ಮಟ್ಟ. ಅಮೆರಿಕದ ಸಾಗರ–ಹವಾಮಾನ ಸಂಸ್ಥೆ ನೋವಾ ಉಪಗ್ರಹದ ಮಾಹಿತಿಯಿಂದ ಕೊಡುವ ಎಚ್ಚರಿಕೆ ಈ ಮೊತ್ತವನ್ನೇ ಆಧರಿಸಿದೆ. ಜಗತ್ತಿನಾದ್ಯಂತ ಬಿಳಿಚಿದ್ದು 1998, 2010, 2014–17ರಲ್ಲಿ. ನಾಲ್ಕನೆಯದನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು.

ಬದುಕಿದೆಯೋ ಇಲ್ಲವೋ ಎಂದು ಹತ್ತಿರದಿಂದ ತಿಳಿಯಬಹುದು. ಬಿಳಿಯಿದ್ದರೂ ಮೇಲ್ಮೈ ಒದ್ದೆಯಾಗಿ ಮಿನುಗುತ್ತಿದ್ದು, ಗುಳಿಗಳಲ್ಲಿ ಗಾಜಿನಂಥ ಕರಬಳ್ಳಿ ಕಂಡರೆ ಜೀವವಿದೆ. ಸೆಪ್ಟದ ಅಂಚು ಚೂಪಾಗಿ, ಏನೂ ಹೊದೆಯದೆ ಕಂಡರೆ ಮಾಂಸ ಹೋಗಿದೆ. ಕೆಲವೇ ದಿನಗಳಲ್ಲಿ ಅಲ್ಲಿ ಹಸಿರು ಎಳೆಪಾಚಿ ಹತ್ತುತ್ತದೆ. ಕೆಲವು ವಾರಗಳೊಳಗೆ ನೀರು ತಂಪಾದರೆ ಉಳಿದ ಅಷ್ಟಿಷ್ಟು ಪಾಚಿ ಮತ್ತೆ ಹೆಚ್ಚಿ ಬಣ್ಣ ಮರಳುತ್ತದೆ. ಹಾಗೆ ಚೇತರಿಸಿಕೊಂಡ ಹವಳ ಕೊಬ್ಬನ್ನೆಲ್ಲ ಕರಗಿಸಿಕೊಂಡಿರುವುದರಿಂದ ಮುಂದಿನ ಸಂತಾನಕಾಲದಲ್ಲಿ ಅಂಡ ಬಿಡದೆ ಹೋಗಬಹುದು. ಬಣ್ಣ ಬಂತೆಂದು ಎಲ್ಲ ಸರಿಹೋಯಿತು ಎನ್ನುವ ವರದಿಗಳನ್ನು ಸ್ವಲ್ಪ ಎಚ್ಚರದಿಂದ ಓದಿ.

ಪ್ರಶ್ನೆ: ಒಂದೇ ರಾತ್ರಿ ಸಾವಿರಾರು ಹವಳಗಳು ಒಟ್ಟಿಗೆ ಅಂಡ ಬಿಡುತ್ತವಂತೆ. ದಿನ ಗೊತ್ತಾಗುವುದು ಹೇಗೆ?

ತಿಂಗಳನ್ನು ಗೊತ್ತುಮಾಡುವುದು ನೀರಿನ ಉಷ್ಣತೆಯ ಏರಿಕೆ, ರಾತ್ರಿಯನ್ನು ಚಂದ್ರ, ಗಂಟೆಯನ್ನು ಸೂರ್ಯಾಸ್ತದ ನಂತರದ ಕತ್ತಲು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇದು ಸಾಮಾನ್ಯವಾಗಿ ಅಕ್ಟೋಬರ್–ಡಿಸೆಂಬರ್ ನಡುವೆ, ಹುಣ್ಣಿಮೆ ಕಳೆದು ಕೆಲವು ರಾತ್ರಿಗಳಿಗೆ. ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು 1980ರ ದಶಕದ ಆರಂಭದಲ್ಲಷ್ಟೇ. ರಾತ್ರಿಯ ಕೆಲವೇ ಗಂಟೆಗಳಲ್ಲಿ ಮುಗಿಯುವ ಕೆಲಸ, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಹುತೇಕ ಹವಳಗಳು ದ್ವಿಲಿಂಗಿ. ಆಕ್ರೊಪೊರದಲ್ಲಿ ಬಿಡುಗಡೆಗೆ ಸ್ವಲ್ಪ ಮೊದಲು ಪ್ರತಿ ಪಾಲಿಪ್‌ನ ಬಾಯಿಯಡಿ ನಸುಗೆಂಪು ಗುಂಡೊಂದು ಬಂದು ನಿಲ್ಲುತ್ತದೆ. ಹೊರಸುತ್ತಿನಲ್ಲಿ ಅಂಡಗಳು, ನಡುವೆ ವೀರ್ಯಾಣುಗಳ ಮುದ್ದೆ. ಬಾಯಿ ಹಿಗ್ಗಿ ಗುಂಡು ಹೊರಬಿದ್ದರೆ ಅಂಡದ ಕೊಬ್ಬಿನಿಂದಾಗಿ ನೀರಿನ ಮೇಲಕ್ಕೆ ತೇಲುತ್ತದೆ. ಅಲ್ಲಿ ಒಡೆದು, ಬೇರೆ ಗುಂಪಿನ ಹವಳದ ವೀರ್ಯಾಣು ಸೇರಿದರೆ ಫಲ. ತನ್ನದೇ ವೀರ್ಯಾಣುವನ್ನು ಅಂಡ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ಒಂದು ದಿಬ್ಬದಲ್ಲಿ ಹವಳಗಳು ಅಲ್ಲೊಂದು ಇಲ್ಲೊಂದು ಉಳಿದಾಗ ಅಂಡ ಬಿಟ್ಟೂ ಪ್ರಯೋಜನವಿಲ್ಲದಂತಾಗುತ್ತದೆ.

ಹುಟ್ಟಿದ ಪ್ಲಾನುಲ ಡಿಂಭ ರೋಮಗಳಿಂದ ಈಜುತ್ತ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಳ ಹುಡುಕುತ್ತದೆ. ಕಲ್ಲಿನ ಮೇಲೆ ಹಬ್ಬುವ ನಸುಗೆಂಪು ಸುಣ್ಣಪಾಚಿಯ ವಾಸನೆ ಅದಕ್ಕೆ ಇಷ್ಟ. ಸಿಕ್ಕರೆ ಬಾಯಿಯ ವಿರುದ್ಧ ತುದಿಯಿಂದ ಅಂಟಿ, ಚಪ್ಪಟೆಯಾಗಿ, ಮೊದಲ ಆರು ಸೆಪ್ಟಗಳನ್ನು ಹಾಕುತ್ತದೆ. ಬಹುತೇಕ ಜಾತಿಗಳಲ್ಲಿ ಮರಿಗೆ ಪಾಚಿ ತಾಯಿಯಿಂದ ಬರುವುದಿಲ್ಲ, ನೀರಿನಿಂದಲೇ ನುಂಗಿ ಸೇರಿಸಿಕೊಳ್ಳಬೇಕು. ಆಮೇಲಿನ ಬೆಳವಣಿಗೆ ಮೊಗ್ಗುವಿಕೆಯಿಂದ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಂದೇ ವಂಶವಾಹಿಯ ಗುಂಪು ಹರಡುತ್ತದೆ.

ಪ್ರಶ್ನೆ: ಪಕ್ಕಪಕ್ಕದ ಹವಳಗಳ ನಡುವೆ ಬೋಳು ಗೆರೆ ಕಾಣುವುದೇಕೆ?

ಜಗಳ. ಕೆಲವು ಜಾತಿಗಳು ಹೊಟ್ಟೆಯ ಎಳೆಗಳನ್ನು ಹೊರಚಾಚಿ ಪಕ್ಕದ ಹವಳದ ಮಾಂಸವನ್ನು ಜೀರ್ಣಿಸಿಬಿಡುತ್ತವೆ. ಕೆಲವಕ್ಕೆ ಮಾಮೂಲಿಗಿಂತ ಹಲವು ಪಟ್ಟು ಉದ್ದದ ಕಾದಾಟದ ಕರಬಳ್ಳಿ ಬೆಳೆಯುತ್ತದೆ. ತೊಟ್ಟಿಯೊಳಗೆ ಹವಳ ಕೂರಿಸುವವರು ಇದಕ್ಕೇ 10–15 ಸೆಂ.ಮೀ. ಅಂತರ ಬಿಡಬೇಕು.

ಪ್ರಶ್ನೆ: ಅಕ್ವೇರಿಯಂನಲ್ಲಿ ಹವಳದ ಪಾಲಿಪ್‌ಗಳು ತೆರೆದುಕೊಳ್ಳುತ್ತಿಲ್ಲ. ಏನು ನೋಡಬೇಕು?

ಮೊದಲು ಕಾನೂನು ನೋಡಿ. ಕಲ್ಲುಹವಳಗಳೆಲ್ಲ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಇಟ್ಟುಕೊಳ್ಳುವುದನ್ನೇ ನಿಷೇಧಿಸಿದ ದೇಶಗಳೂ ಇವೆ. ಅನುಮತಿ ಇರುವ ಕಡೆಯ ಸಾರ್ವಜನಿಕ ಹಾಗೂ ಪ್ರಯೋಗಾಲಯದ ತೊಟ್ಟಿಗಳಿಗೆ ಈ ಉತ್ತರ.

ಉಷ್ಣತೆ 24–26 ಡಿಗ್ರಿ, ಲವಣಾಂಶ ಸಾವಿರಕ್ಕೆ 35, ಕ್ಯಾಲ್ಸಿಯಂ ಲೀಟರಿಗೆ 400–450 ಮಿ.ಗ್ರಾಂ., ಮೆಗ್ನೀಸಿಯಂ 1250–1350, ಕ್ಷಾರತೆ 7–9 ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ). ಈ ಅಂಕಿಗಳಲ್ಲಿ ತುಸು ಹೆಚ್ಚುಕಡಿಮೆ ಇದ್ದರೆ ತೊಂದರೆಯಿಲ್ಲ, ಏರಿಳಿತ ಕೆಟ್ಟದ್ದು. ಹೆಚ್ಚು ಕಾಡುವುದು ಕ್ಷಾರತೆ. ಹವಳ ಕಲ್ಲು ಕಟ್ಟಿದಂತೆ ಅದು ದಿನವೂ ಇಳಿಯುತ್ತದೆ, ಪ್ರತಿ ಒಂದು ಡಿಕೆಎಚ್ ಇಳಿದಾಗ ಕ್ಯಾಲ್ಸಿಯಂ ಲೀಟರಿಗೆ ಸುಮಾರು 7 ಮಿ.ಗ್ರಾಂ. ಇಳಿಯುತ್ತದೆ. 200 ಲೀಟರ್ ತೊಟ್ಟಿಯಲ್ಲಿ ಒಂದು ಡಿಕೆಎಚ್ ತುಂಬಲು ಸುಮಾರು 6 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಸಾಕು. ಅದಕ್ಕೆ ಸರಿದೂಗುವ ಕ್ಯಾಲ್ಸಿಯಂಗೆ 5 ಗ್ರಾಂ ಚಿಲ್ಲರೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಬೇರೆ ಬೇರೆ ಹೊತ್ತಿನಲ್ಲಿ, ನೀರು ಜೋರಾಗಿ ಹರಿಯುವ ಕಡೆ ನಿಧಾನವಾಗಿ ಹಾಕಿ. ಒಟ್ಟಿಗೆ ಸುರಿದರೆ ನೀರು ಹಾಲಿನಂತಾಗಿ ಸುಣ್ಣ ತಳಕ್ಕೆ ಕೂರುತ್ತದೆ, ಹವಳಕ್ಕೆ ಏನೂ ದಕ್ಕುವುದಿಲ್ಲ. ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ.

ಮುಂದಿನದು ಬೆಳಕು. ಹೊಸದಾಗಿ ತಂದ ಹವಳವನ್ನು ನೇರ ದೀಪದಡಿ ಇಟ್ಟರೆ, ಮೇಲೆ ಹೇಳಿದ ಬಿಳಿಚುವಿಕೆಯೇ ಬಿಸಿಯಿಲ್ಲದೆ ಆಗುತ್ತದೆ. ತಳದಲ್ಲಿಟ್ಟು ಮೂರು ನಾಲ್ಕು ವಾರಗಳಲ್ಲಿ ಮೇಲಕ್ಕೆ ತನ್ನಿ. ನೀರಿನ ಹರಿವು ಒಂದೇ ದಿಕ್ಕಿಗೆ ರಾಚುತ್ತಿದ್ದರೂ ಪಾಲಿಪ್ ಮುಚ್ಚಿಯೇ ಇರುತ್ತದೆ. ಹರಿವೇ ಇಲ್ಲದಿದ್ದರೆ ಮೈಯ ಸುತ್ತ ಆಮ್ಲಜನಕ ಬದಲಾಗದೆ ರಾತ್ರಿ ಉಸಿರು ಕಟ್ಟುತ್ತದೆ.

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿಸಿ ಹೆಮ್ಮೆಪಡುವವರಿದ್ದಾರೆ. ಅದು ತಪ್ಪು ಗುರಿ. ರಂಜಕ ಸಿಗದ ಪಾಚಿ ಬೆಳಕನ್ನು ತಡೆಯಲಾರದೆ ಹವಳ ಬೇಗ ಬಿಳಿಚುತ್ತದೆ. ನೈಟ್ರೇಟ್ ಲೀಟರಿಗೆ 2–10 ಮಿ.ಗ್ರಾಂ., ಫಾಸ್ಫೇಟ್ 0.03–0.1 ಇರಲಿ. ಮೀನಿನ ಕಾಯಿಲೆಗೆ ತಾಮ್ರದ ಔಷಧಿಯನ್ನು ಹವಳವಿರುವ ತೊಟ್ಟಿಗೆ ಎಂದೂ ಹಾಕಬೇಡಿ, ಅದು ಪಾಲಿಪ್‌ಗೆ ನೇರ ವಿಷ. ಉಣಿಸುವುದಾದರೆ ದೀಪ ಆರಿಸಿ ಕರಬಳ್ಳಿ ಹೊರಬಂದ ಮೇಲೆ, ಪಂಪನ್ನು 15–20 ನಿಮಿಷ ನಿಲ್ಲಿಸಿ, ಆಗಷ್ಟೇ ಮರಿಯಾದ ಆರ್ಟೀಮಿಯ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ) ಕೊಡಿ; ವಾರಕ್ಕೆ ಒಂದೆರಡು ಸಲ ಸಾಕು. ಪಂಪನ್ನು ಮತ್ತೆ ಹಾಕಲು ಮರೆಯುವವರೇ ಹೆಚ್ಚು, ಟೈಮರ್ ಇಡಿ.

ಬುಡದಿಂದ ಮಾಂಸ ಸುಲಿಯುತ್ತ ಮೇಲೇರುತ್ತಿದ್ದರೆ ಕಾಯಬೇಡಿ. ಆರೋಗ್ಯವಾಗಿರುವ ತುದಿಯನ್ನು, ಬಿಳಿಗೆರೆಯಿಂದ ಒಂದು ಸೆಂ.ಮೀ. ಮೇಲೆ ಕತ್ತರಿಸಿ ಬೇರೆ ಕಡೆ ಅಂಟಿಸಿ.

ಪ್ರಶ್ನೆ: ಉಂಗುರದ ಕೆಂಪು ಹವಳವೂ ಇದೇ ಪ್ರಾಣಿಯದ್ದೇ?

ದೂರದ ನೆಂಟ. ಒಡವೆಗೆ ಬಳಸುವ ಮೆಡಿಟರೇನಿಯನ್ನಿನ ಕೆಂಪು ಹವಳದ ಪಾಲಿಪ್‌ಗೆ ಎಂಟೇ ಕರಬಳ್ಳಿ, ಅದೂ ಗರಿಯಂತೆ ಸೀಳಿದವು. ಪಾಚಿ ಇಲ್ಲ, ದಿಬ್ಬ ಕಟ್ಟುವುದಿಲ್ಲ. ಒಳಗಿನ ಗಟ್ಟಿ ಕಡ್ಡಿ ಅರಗೊನೈಟ್ ಅಲ್ಲ, ಕ್ಯಾಲ್ಸಿಯಂ ಕಾರ್ಬೊನೇಟ್‌ನದೇ ಇನ್ನೊಂದು ಹರಳುರೂಪವಾದ, ಮೆಗ್ನೀಸಿಯಂ ಬೆರೆತ ಕ್ಯಾಲ್ಸೈಟ್. ದಪ್ಪ ಹೆಚ್ಚುವುದು ವರ್ಷಕ್ಕೆ ಅರ್ಧ ಮಿ.ಮೀ.ಗಿಂತಲೂ ಕಡಿಮೆ. ಹವಳ ಪ್ರಾಣಿಯೆಂದು ಗೊತ್ತಾದದ್ದೂ ಇದರಿಂದಲೇ. 18ನೇ ಶತಮಾನದ ಮೊದಲಿಗೆ ಮಾರ್ಸಿಲಿ ಎಂಬವರು ಇದರ ಪಾಲಿಪ್‌ಗಳನ್ನು ಹೂವೆಂದು ಬಣ್ಣಿಸಿದ್ದರು. 1720ರ ದಶಕದಲ್ಲಿ ಫ್ರೆಂಚ್ ವೈದ್ಯ ಪೇಸೊನೆಲ್ ಕಡಲನೀರಿನಲ್ಲೇ ಇಟ್ಟು ಗಮನಿಸಿ, ಮುಟ್ಟಿದರೆ ಮುದುಡುವ ಇವು ಪ್ರಾಣಿಗಳೆಂದು ಬರೆದರು. ಪ್ಯಾರಿಸ್ಸಿನ ಅಕಾಡೆಮಿ ನಂಬಲಿಲ್ಲ. ಒಪ್ಪಿಕೊಳ್ಳಲು 1740ರ ದಶಕ ಬರಬೇಕಾಯಿತು. ಒಡವೆಯ ಹವಳಕ್ಕೂ ಆಮ್ಲ ಆಗದು, ವಿನೆಗರ್ ಅಥವಾ ನಿಂಬೆರಸ ತಾಗಿದರೆ ಮೆರುಗು ಹೋಗುತ್ತದೆ. ಒರೆಸಲು ಒದ್ದೆ ಬಟ್ಟೆ ಸಾಕು.